ಹಳೇ ಲೆನ್ಸು ಗುಜರಿಗಲ್ಲ ಸ್ವಾಮಿ!

ಮೊನ್ನೆ ಮಧ್ಯಾಹ್ನ ಬ್ಯಾಂಕಿನಲ್ಲಿ ಊಟದ ಡಬ್ಬಿ ಬಿಚ್ಚಿ ಕೂತಿದ್ದೆವು. ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಊರಿನ ಹಳೇ ಮನೆ ಮಾರಿ ಬಂದ ಕಥೆ ಹೇಳ್ತಾ ಇದ್ದರು. ಕಪಾಟು ಅಣ್ಣನಿಗೆ ಹೋಯ್ತು, ಹಿತ್ತಾಳೆ ಪಾತ್ರೆ ಅಕ್ಕ ತಗೊಂಡಳು, ಅಪ್ಪನ ಪುಸ್ತಕ ಯಾರಿಗೂ ಬೇಡವಾಯ್ತು... ಇಷ್ಟೆಲ್ಲ ಹೇಳಿ, ಚಪಾತಿ ಮುರೀತಾ, "ಅಪ್ಪನ ಕ್ಯಾಮೆರಾ ಪೆಟ್ಟಿಗಿ ಒಂದಿತ್ತು ನೋಡ್ರಿ, ನಾಲ್ಕೈದು ಲೆನ್ಸ್ ಇದ್ದುವು. ಈಗ ರೀಲ್ ಎಲ್ಲಿ ಸಿಗತೈತಿ? ಗುಜರಿಯವಗ ಹಾಕಿ ಬಂದೆ" ಅಂದುಬಿಟ್ಟರು.

ನಾನು ಸಾಮಾನ್ಯವಾಗಿ ದನಿ ಏರಿಸುವವನಲ್ಲ. ಅವತ್ತು ಏರಿಸಿದೆ. "ಲೆನ್ಸಿಗೂ ರೀಲಿಗೂ ಏನ್ರೀ ಸಂಬಂಧ? ರೀಲು ಹೋದರೆ ಲೆನ್ಸ್ ಯಾಕೆ ಸಾಯಬೇಕು?" ಅಂದೆ. ಆಮೇಲೆ ಡಬ್ಬಿ ಮುಚ್ಚುವ ತನಕ ಯಾರೂ ಮಾತಾಡಲಿಲ್ಲ. ಸಂಜೆ ಡೊಂಬಿವಲಿ ಫಾಸ್ಟ್‌ನಲ್ಲಿ ನೇತಾಡಿಕೊಂಡು ಬರುವಾಗ, ಇಷ್ಟು ಸಿಟ್ಟು ಯಾಕೆ ಬಂತು ಅಂತ ನನಗೇ ಯೋಚನೆಯಾಯ್ತು. ಅವರ ಮೇಲೆ ಬಂದ ಸಿಟ್ಟಲ್ಲ ಅದು, ನನ್ನ ಮೇಲೆಯೇ ಬಂದದ್ದು. ಯಾಕಂದ್ರೆ ಅದೇ ಪಾಪವನ್ನು ನಾನು 2009ರಲ್ಲೇ ಮಾಡಿ ಮುಗಿಸಿದ್ದೇನೆ.

ಆ ಕಥೆ ಹೇಳಿಬಿಡುತ್ತೇನೆ. ರಾಣೆಬೆನ್ನೂರಿನಲ್ಲಿ ನನ್ನ ಸೋದರಮಾವನದೊಂದು ಫೋಟೋ ಸ್ಟುಡಿಯೋ ಇತ್ತು. ಸ್ಟುಡಿಯೋ ಅಂದರೆ ದೊಡ್ಡದಲ್ಲ, ಮುಂದೆ ಒಂದು ಕುರ್ಚಿ, ಹಿಂದೆ ಒಂದು ಬಣ್ಣದ ಪರದೆ, ಮೂಲೆಯಲ್ಲಿ ಡಾರ್ಕ್ ರೂಮು. 1984ರಲ್ಲಿ ಮಾಮಾ ಸಾಲ ಮಾಡಿ ಬೊಂಬಾಯಿಯಿಂದ ಒಂದು ಪೆಂಟಾಕ್ಸ್ ಕೆ1000 ತರಿಸಿದ್ದ. ಜೊತೆಗೆ 50 ಮಿ.ಮೀ. ಎಫ್/2 ಲೆನ್ಸು. ಆಮೇಲೆ ಒಂದೊಂದಾಗಿ 28, 135 ಮಿ.ಮೀ. ಲೆನ್ಸುಗಳು ಬಂದವು. ಒಂದು ರಷ್ಯನ್ ಝೆನಿತ್ ಕ್ಯಾಮೆರಾನೂ ಇತ್ತು, ಅದರ ಮೂತಿಗೆ 58 ಮಿ.ಮೀ. ಹೀಲಿಯೋಸ್. ಆ ಲೆನ್ಸುಗಳ ಕಂತು ಕಟ್ಟೋದಕ್ಕೆ ಅವನು ಎಷ್ಟು ಮದುವೆಗಳಲ್ಲಿ ರಾತ್ರಿಯಿಡೀ ನಿಂತನೋ, ಅತ್ತೆಗೇ ಗೊತ್ತು.

1996ರಲ್ಲಿ ನಾನು ನೌಕರಿ ಹಿಡಿದು ಮುಂಬಯಿಗೆ ಹೊರಟಾಗ ಮಾಮಾ ಆ ಕೆ1000 ಕ್ಯಾಮೆರಾವನ್ನು 50ರ ಲೆನ್ಸ್ ಸಮೇತ ನನ್ನ ಕೈಗಿಟ್ಟ. "ಸಮುದ್ರದ ಫೋಟೋ ತಗದು ಕಳಸಲೇ" ಅಂದ. ನಾನು ಎರಡು ರೀಲು ತೆಗೆದು ಕಳಿಸಿದೆ. ಆಮೇಲೆ ಕೆಲಸ, ಮದುವೆ, ಲೋಕಲ್ ಟ್ರೇನು... ಕ್ಯಾಮೆರಾ ಗೋದ್ರೆಜ್ ಕಪಾಟಿನೊಳಗೆ ಹೋಯ್ತು.

ಮಾಮಾ 2007ರಲ್ಲಿ ತೀರಿಕೊಂಡ. ಎರಡು ವರ್ಷದ ನಂತರ ಸ್ಟುಡಿಯೋ ಜಾಗ ಖಾಲಿ ಮಾಡಬೇಕಾಗಿ ಬಂತು. ಮಾವನ ಮಗ ಫೋನ್ ಮಾಡಿ, "ಲೆನ್ಸ್ ಅದಾವು, ನಿನಗೇನರ ಬೇಕೇನೋ?" ಅಂತ ಕೇಳಿದ. ನಾನಾಗ ಹೊಸದಾಗಿ ಒಂದು ನಿಕಾನ್ ಡಿಎಸ್‌ಎಲ್‌ಆರ್ ಕೊಂಡಿದ್ದೆ. ಕೇಳಿಯೇಬಿಡೋಣ ಅಂತ ಫೋರ್ಟ್ ಕಡೆ ಒಂದು ಕ್ಯಾಮೆರಾ ಅಂಗಡಿಗೆ ಹೋದೆ. ಅಂಗಡಿಯವನು ತಲೆ ಎತ್ತದೇ ಹೇಳಿದ: "ಅಂಕಲ್, ಯೇ ಸಬ್ ಅಬ್ ಶೋಕೇಸ್ ಮೇ ರಖನೇ ಕೀ ಚೀಜ್ ಹೈ." ಹೇಳಿ, ಹೊಸ ಝೂಮ್ ಲೆನ್ಸಿನ ಡಬ್ಬಿಯನ್ನು ನನ್ನ ಮುಂದಿಟ್ಟ. ನಾನು ಆ ಡಬ್ಬಿ ಕೊಂಡೆ. ಮನೆಗೆ ಬಂದು ರಾಣೆಬೆನ್ನೂರಿಗೆ ಫೋನ್ ಮಾಡಿ, "ಏನೂ ಉಪಯೋಗಿಲ್ಲಂತ, ಕೊಟ್ಟಬಿಡು" ಅಂದೆ. ಮಾಮಾನ ಇಪ್ಪತ್ತು ವರ್ಷದ ಕಂತು ಆ ಒಂದು ಮಾತಿಗೆ ಗುಜರಿ ಅಂಗಡಿಯ ತಕ್ಕಡಿ ಹತ್ತಿತು.

ಆ ಅಂಗಡಿಯವನು ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನನಗಿಷ್ಟು ಬೇಜಾರಾಗುತ್ತಿರಲಿಲ್ಲ. ಅವನು ಹೇಳಿದ್ದು ಅರ್ಧ ಸತ್ಯ. ಅರ್ಧ ಸತ್ಯ ಎಷ್ಟು ದುಬಾರಿ ಅಂತ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವವರಿಗೆಲ್ಲ ಗೊತ್ತು. ಆದ್ದರಿಂದ ಆ ಅರ್ಧ ಯಾವುದು, ಉಳಿದರ್ಧ ಯಾವುದು ಅಂತ ಲೆಕ್ಕ ಬಿಡಿಸಿ ಹೇಳುವುದೇ ಈ ಬರಹದ ಉದ್ದೇಶ. ನಾನು ಬಿ.ಕಾಂ. ಓದಿದವನು, ಭೌತಶಾಸ್ತ್ರ ಪಿಯುಸಿಯಲ್ಲೂ ಇರಲಿಲ್ಲ. ಹಾಗಾಗಿ ಹೆದರಬೇಡಿ, ಇದರಲ್ಲಿ ಇರುವುದು ಬರೀ ಕೂಡಿಸು ಕಳೆ.

ಪ್ರತಿಯೊಂದು ಲೆನ್ಸಿಗೂ ಒಂದು ಹಟ ಇರುತ್ತದೆ. ತಾನು ಕೂರುವ ಬಳೆಯಿಂದ ಹಿಂದಿರುವ ಫಿಲಂಗೆ ಇಷ್ಟೇ ದೂರ ಇರಬೇಕು ಅನ್ನೋ ಹಟ. ಅದು ಸರಿಯಿದ್ದರೆ ಮಾತ್ರ ದೂರದ ಗುಡ್ಡವೂ ಸ್ಪಷ್ಟ, ಹತ್ತಿರದ ಮುಖವೂ ಸ್ಪಷ್ಟ. ಇದಕ್ಕೆ ಫ್ಲ್ಯಾಂಜ್ ದೂರ ಅಂತಾರೆ. ಹಿಂದೆ ಫಿಲಂ ಇದೆಯೋ ಡಿಜಿಟಲ್ ಸೆನ್ಸರ್ ಇದೆಯೋ, ಲೆನ್ಸಿಗೆ ಅದರ ಗೊಡವೆ ಇಲ್ಲ. ದೂರ ಸರಿಯಿದ್ದರೆ ಸಾಕು. ಪೆಂಟಾಕ್ಸ್ ಕೆ ಮೌಂಟಿಗೆ ಈ ದೂರ 45.46 ಮಿ.ಮೀ. ಝೆನಿತ್ ಮತ್ತು ಹಳೇ ಪ್ರಾಕ್ಟಿಕಾಗಳ ತಿರುಪಿನ ಎಂ42 ಮೌಂಟಿಗೂ ಅಷ್ಟೇ, 45.46. ನಿಕಾನ್ ಎಫ್‌ಗೆ 46.5. ಒಲಿಂಪಸ್ ಓಎಂಗೆ 46. ಕ್ಯಾನನ್ ಇಎಫ್‌ಗೆ 44, ಕ್ಯಾನನ್ನಿನದೇ ಹಳೇ ಎಫ್‌ಡಿಗೆ 42. ಮಿನೋಲ್ಟಾಗೆ 43.5.

ಎಲ್ಲವೂ ನಲವತ್ತರ ಮೇಲೇ ಯಾಕೆ? ಇವೆಲ್ಲ ಎಸ್‌ಎಲ್‌ಆರ್ ಕ್ಯಾಮೆರಾಗಳು. ಲೆನ್ಸಿಗೂ ಫಿಲಂಗೂ ನಡುವೆ ಒಂದು ಕನ್ನಡಿ, ಪ್ರತಿ ಕ್ಲಿಕ್ಕಿಗೂ ಅದು ಮೇಲೆದ್ದು ಕೆಳಗಿಳಿಯಬೇಕು. ಆ ಕನ್ನಡಿ ಓಡಾಡುವುದಕ್ಕೆ ಅಷ್ಟು ಜಾಗ ಬೇಕೇ ಬೇಕು.

ಈಗ ಕಳೆಯುವ ಲೆಕ್ಕ. ನನ್ನ ಹತ್ತಿರ ಇದ್ದದ್ದು ನಿಕಾನ್, ದೂರ 46.5. ಮಾಮಾನ ಲೆನ್ಸಿಗೆ ಬೇಕಾದದ್ದು 45.46. ಅಂದರೆ ಲೆನ್ಸು ಕ್ಯಾಮೆರಾದೊಳಗೆ 1.04 ಮಿ.ಮೀ. ಇಳಿದು ಕೂರಬೇಕು. ಬಳೆ ಹಾಕಿದರೆ ಇಳಿಯುವುದಿರಲಿ, ಇನ್ನೂ ಹೊರಗೆ ಬರುತ್ತದೆ. ಒಂದು ಮಿ.ಮೀ. ಏನು ಮಹಾ ಅನ್ನಬೇಡಿ. 50 ಮಿ.ಮೀ. ಲೆನ್ಸು ಅಷ್ಟು ಹೊರಗೆ ನಿಂತರೆ ಹೆಚ್ಚೆಂದರೆ ಎರಡೂವರೆ ಮೀಟರ್ ತನಕ ಫೋಕಸ್ ಆದೀತು, ಅದರಾಚೆಗೆಲ್ಲ ಮಂಜು. ಮಧ್ಯೆ ಒಂದು ಸಣ್ಣ ಗಾಜು ಕೂರಿಸಿದ ಅಡಾಪ್ಟರ್‌ಗಳು ಬರುತ್ತವೆ, ದೂರದ ಫೋಕಸ್ ಸಿಗುತ್ತದೆ. ಆದರೆ ಒಳ್ಳೇ ಲೆನ್ಸಿನ ಬೆನ್ನಿಗೆ ಕಳಪೆ ಗಾಜು ಕಟ್ಟಿದಂತೆ, ಚಿತ್ರ ಕೆಡುತ್ತದೆ. ಅಂಗಡಿಯವನ ಸತ್ಯ ಇಷ್ಟು: ನನ್ನ ನಿಕಾನಿಗೆ ಅವು ಕೂರುತ್ತಿರಲಿಲ್ಲ.

ಅವನು ಹೇಳದೇ ಬಿಟ್ಟದ್ದು? ಅದೇ ಅಂಗಡಿಯ ಗಾಜಿನ ಕಪಾಟಿನಲ್ಲಿ ಪಕ್ಕದಲ್ಲೇ ಕ್ಯಾನನ್ ಡಿಎಸ್‌ಎಲ್‌ಆರ್‌ಗಳಿದ್ದವು. ದೂರ 44. ಝೆನಿತ್ ಲೆನ್ಸಿಗೆ 1.46 ಮಿ.ಮೀ. ದಪ್ಪದ ಒಂದು ಬಳೆ ಹಾಕಿದರೆ ಗುಡ್ಡ, ಮೋಡ ಎಲ್ಲ ಸ್ಪಷ್ಟ. ಅದಕ್ಕಿಂತ ದೊಡ್ಡದು: ಪೆಂಟಾಕ್ಸ್ ಕಂಪನಿ 1975ರಲ್ಲಿ ತಂದ ಕೆ ಮೌಂಟನ್ನು ಡಿಜಿಟಲ್‌ಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಪೆಂಟಾಕ್ಸ್ ಡಿಎಸ್‌ಎಲ್‌ಆರ್ ಒಂದನ್ನು ಕೊಂಡಿದ್ದರೆ ಮಾಮಾನ 28, 135 ಬಳೆ ಗಿಳೆ ಏನೂ ಇಲ್ಲದೇ ನೇರವಾಗಿ ಕೂರುತ್ತಿದ್ದವು. ಇನ್ನೂ ಒಂದು ಮಾತು. 2008ರಲ್ಲೇ ಪ್ಯಾನಾಸೋನಿಕ್ ಕಂಪನಿ ಕನ್ನಡಿಯನ್ನೇ ಕಿತ್ತುಹಾಕಿದ ಜಿ1 ಕ್ಯಾಮೆರಾ ತಂದಾಗಿತ್ತು. ಅಂದರೆ ನಾನು ಅಂಗಡಿಗೆ ಹೋಗುವ ಹೊತ್ತಿಗೆ ಹಳೇ ಲೆನ್ಸುಗಳ ಪಾಲಿನ ಬಾಗಿಲು ಆಗಲೇ ತೆರೆದಿತ್ತು. ಒಂದು ಬೀಗಕ್ಕೆ ಕೀಲಿ ಹೊಂದಲಿಲ್ಲ ಅಂತ ಕೀಲಿಯನ್ನೇ ಕರಗಿಸಿಬಿಟ್ಟೆ ನಾನು.

ಕನ್ನಡಿ ಹೋದ ಮೇಲೆ ಆ ಖಾಲಿ ಜಾಗವೂ ಬೇಡವಾಯ್ತು. ಲೆನ್ಸ್ ಕೂರುವ ಬಳೆಯನ್ನು ಸೆನ್ಸರಿನ ಹತ್ತಿರಕ್ಕೆ ತಂದರು. 2010ರಲ್ಲಿ ಬಂದ ಸೋನಿ ನೆಕ್ಸ್ ಕ್ಯಾಮೆರಾಗಳ ಇ ಮೌಂಟಿಗೆ ದೂರ ಬರೀ 18 ಮಿ.ಮೀ. ಫ್ಯೂಜಿ ಎಕ್ಸ್‌ಗೆ 17.7. 2018ರಲ್ಲಿ ಬಂದ ಕ್ಯಾನನ್ ಆರ್‌ಎಫ್‌ಗೆ 20, ನಿಕಾನ್ ಝಡ್‌ಗೆ 16. ಈಗ ಕಳೆದು ನೋಡಿ: 45.46ರಲ್ಲಿ 18 ಹೋದರೆ 27.46 ಮಿ.ಮೀ. ಒಂದು ಇಂಚಿಗಿಂತ ತುಸು ಹೆಚ್ಚು. ಅಷ್ಟು ಉದ್ದದ ಒಂದು ಟೊಳ್ಳು ಕೊಳವೆ, ಒಂದು ತುದಿಯಲ್ಲಿ ಪೆಂಟಾಕ್ಸ್ ಬಾಯಿ, ಇನ್ನೊಂದು ತುದಿಯಲ್ಲಿ ಸೋನಿ ಬಾಲ. ಗಾಜಿಲ್ಲ, ವಯರಿಲ್ಲ, ಚಿಪ್ಪಿಲ್ಲ. ಅಡಾಪ್ಟರ್ ಅಂದರೆ ಇಷ್ಟೇ ಸ್ವಾಮಿ! ಮಂತ್ರ ತಂತ್ರ ಏನೂ ಇಲ್ಲ.

ಕ್ಯಾನನ್ ಎಫ್‌ಡಿ ಲೆನ್ಸುಗಳ ಕಥೆ ಕೇಳಿದರೆ ನಿಮಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 1971ರಲ್ಲಿ ಎಫ್‌ಡಿ ಬಂತು. 1987ರಲ್ಲಿ ಕಂಪನಿ ಆಟೋಫೋಕಸ್‌ಗಾಗಿ ಇಎಫ್ ಅನ್ನೋ ಹೊಸ ಮೌಂಟ್ ತಂದು ಹಳೆಯದರ ಕೈಬಿಟ್ಟಿತು. ಎಫ್‌ಡಿಯ ದೂರ 42, ಇಎಫ್‌ನದು 44. ಕಂಪನಿಯ ಸ್ವಂತ ಹೊಸ ಕ್ಯಾಮೆರಾಕ್ಕೇ ಸ್ವಂತ ಹಳೇ ಲೆನ್ಸು ಕೂರದು! ಸಾಲ ಸೋಲ ಮಾಡಿ ಕೊಂಡವರೆಲ್ಲ ಬಾಯಿ ಬಾಯಿ ಬಿಟ್ಟರು. ಇಪ್ಪತ್ತೊಂದು ವರ್ಷ ಅನಾಥವಾಗಿದ್ದ ಆ ಲೆನ್ಸುಗಳು 2008ರ ನಂತರ ಬೇರೆ ಕಂಪನಿಗಳ ಮಿರರ್‌ಲೆಸ್ ಕ್ಯಾಮೆರಾಗಳ ಮೇಲೆ ಎದ್ದು ಕೂತವು. ಸತ್ತಿದ್ದು ಲೆನ್ಸಾಗಿದ್ದರೆ ಎದ್ದು ಕೂರುತ್ತಿತ್ತೇ? ಕಂಪನಿಯವರು ಬಾಗಿಲು ಹಾಕಿದ್ದರು, ಅಷ್ಟೇ.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇದು ಇನಾಪರೇಟಿವ್ ಖಾತೆ. ಎರಡು ವರ್ಷ ವ್ಯವಹಾರ ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಅನ್ನಿಸಿಕೊಳ್ಳುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಹಣ ರಿಸರ್ವ್ ಬ್ಯಾಂಕು 2014ರಲ್ಲಿ ಮಾಡಿದ ಡಿಇಎ ನಿಧಿಗೆ ಹೋಗುತ್ತದೆ. ಹಾಗಂತ ಹಣ ಸತ್ತಿತೇ? ಇಲ್ಲ. ವಾರಸುದಾರ ಗುರುತು ತೋರಿಸಿ ಕೇಳಿದ ದಿನ ವಾಪಸು ಸಿಗುತ್ತದೆ. ಕೌಂಟರಿನಲ್ಲಿ ಮುದುಕರೊಬ್ಬರು ಹಳೇ ಪಾಸ್‌ಬುಕ್ ತಂದರೆ "ಇದು ಶೋಕೇಸಲ್ಲಿ ಇಡ್ರಿ" ಅಂತ ನಾನು ಹೇಳಿದರೆ ನನ್ನ ಕೆಲಸ ಉಳಿಯುತ್ತದೆಯೇ? ಕ್ಯಾಮೆರಾ ಅಂಗಡಿಯವರು ಮಾತ್ರ ದಿನಾ ಹಾಗೆ ಹೇಳಬಹುದು, ಯಾರೂ ಕೇಳುವವರಿಲ್ಲ. ಯಾಕೆಂದರೆ ಹಳೇ ಲೆನ್ಸು ನಡೆಯುತ್ತದೆ ಅಂತ ಹೇಳಿದರೆ ಹೊಸ ಡಬ್ಬಿ ಮಾರಾಟವಾಗುವುದಿಲ್ಲ.

ಸವಕಳಿ ಅಂತ ನಾವು ಬಿ.ಕಾಂ.ನಲ್ಲಿ ಓದುತ್ತೇವಲ್ಲ, ಅದರ ವಿಷಯದಲ್ಲೂ ಜನರಿಗೆ ಇದೇ ಗೊಂದಲ. ಬ್ಯಾಂಕಿನಲ್ಲಿ ಕಂಪ್ಯೂಟರಿನ ಬೆಲೆಯನ್ನು ಮೂರು ವರ್ಷದಲ್ಲಿ ಪೂರ್ತಿ ಕಳೆದುಬಿಡುತ್ತೇವೆ, ಪುಸ್ತಕದಲ್ಲಿ ಬರೀ ಒಂದು ರೂಪಾಯಿ ಉಳಿಸುವ ಪದ್ಧತಿಯೂ ಇದೆ. ಕ್ಯಾಮೆರಾ ಬಾಡಿ ಹಾಗೆಯೇ, ಸೆನ್ಸರ್ ಹಳತಾಗುತ್ತದೆ, ಬ್ಯಾಟರಿ ಸಿಗುವುದಿಲ್ಲ. ಆದರೆ ಗಾಜು, ಹಿತ್ತಾಳೆ, ಅಲ್ಯೂಮಿನಿಯಂ ಮೂರೇ ಇರುವ ವಸ್ತುವಿಗೆ ಯಾವ ಸವಕಳಿ? ಮಾಮಾನ 50ರಲ್ಲಿ ಮೋಟಾರಿಲ್ಲ, ಸರ್ಕ್ಯೂಟ್ ಇಲ್ಲ. ಗ್ರೀಸ್ ಒಣಗಿದರೆ ಬಿಚ್ಚಿ ಹೊಸ ಗ್ರೀಸ್ ಹಾಕಬಹುದು. ಇವತ್ತಿನ ಎಷ್ಟೋ ಹೊಸ ಲೆನ್ಸುಗಳಲ್ಲಿ ಫೋಕಸ್ ರಿಂಗ್ ತಿರುಗಿಸುವುದೂ ವಿದ್ಯುತ್ತಿನ ಮೂಲಕವೇ. ಕರೆಂಟಿಲ್ಲದಿದ್ದರೆ ರಿಂಗು ಸುಮ್ಮನೆ ಗಿರಗಿರ ತಿರುಗುತ್ತದೆ, ಒಳಗೆ ಏನೂ ಅಲ್ಲಾಡುವುದಿಲ್ಲ. ಮೂವತ್ತು ವರ್ಷದ ನಂತರ ಅದರ ಮೋಟಾರು ಕೆಟ್ಟರೆ ಯಾವ ಬಳೆ ಹಾಕಿದರೂ ಅದು ಏಳುವುದಿಲ್ಲ. ಈಗ ಹೇಳಿ, ಇವೆರಡರಲ್ಲಿ ಶೋಕೇಸಿಗೆ ಹೋಗುವುದು ಯಾವುದು?

ನನಗೆ ಇದೆಲ್ಲ ಗೊತ್ತಾಗಿದ್ದು 2021ರಲ್ಲಿ. ಮಗಳು ಒಂದು ಸೆಕೆಂಡ್ ಹ್ಯಾಂಡ್ ಸೋನಿ ಎ7 ಎರಡನೇ ಮಾದರಿ ಕೊಂಡಳು. ಬಾಡಿ ಕೊಳ್ಳುವಷ್ಟರಲ್ಲಿ ಅವಳ ಉಳಿತಾಯ ಮುಗಿದಿತ್ತು, ಲೆನ್ಸಿಗೆ ದುಡ್ಡಿಲ್ಲ. ಕಪಾಟಿನಲ್ಲಿದ್ದ ಕೆ1000 ಅವಳ ಕಣ್ಣಿಗೆ ಬಿತ್ತು. ಎರಡು ಸಾವಿರದೊಳಗೆ ಒಂದು ಅಡಾಪ್ಟರ್ ತರಿಸಿದಳು. ಅದೇ ಅಳತೆಯ ಹೊಸ ಸೋನಿ ಲೆನ್ಸಿಗೆ ಅದರ ಹತ್ತರಷ್ಟು ಬೆಲೆ. ಲೆನ್ಸ್ ಕೂರಿಸಿ, ಪರದೆಯಲ್ಲಿ ಚಿತ್ರ ಮೂಡಿದಾಗ ನನಗೆ ಖುಷಿ ಆಗಬೇಕಿತ್ತು. ಆಗಲಿಲ್ಲ. ನೇರ ರಾಣೆಬೆನ್ನೂರಿನ ತಕ್ಕಡಿ ಕಣ್ಣ ಮುಂದೆ ಬಂತು.

ಮಾಡುವ ಬಗೆ ಬಹಳ ಸುಲಭ. ಮೆನುವಿನಲ್ಲಿ "ಲೆನ್ಸ್ ಇಲ್ಲದೆ ಕ್ಲಿಕ್" ಅನ್ನುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಬೇಕು. ಇಲ್ಲವಾದರೆ ಕ್ಯಾಮೆರಾ ಲೆನ್ಸೇ ಇಲ್ಲ ಅಂತ ಮುನಿಸಿಕೊಂಡು ಕೂರುತ್ತದೆ. ಅಪರ್ಚರನ್ನು ಲೆನ್ಸಿನ ಮೇಲಿನ ರಿಂಗಿನಲ್ಲೇ ತಿರುಗಿಸಬೇಕು, ಬೆಳಕಿನ ಲೆಕ್ಕವನ್ನು ಕ್ಯಾಮೆರಾ ತಾನೇ ನೋಡಿಕೊಳ್ಳುತ್ತದೆ. ಫೋಕಸ್ ಸರಿ ಬಿದ್ದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಪೀಕಿಂಗ್ ಸೌಲಭ್ಯ ಇದೆ, ಚಿತ್ರವನ್ನು ದೊಡ್ಡದು ಮಾಡಿ ನೋಡುವ ಗುಂಡಿಯೂ ಇದೆ. ಮಂಜಾದ ಗಾಜಿನ ಮೇಲೆ ಕಣ್ಣು ಕಿರಿದು ಮಾಡಿ ಫೋಕಸ್ ಮಾಡುತ್ತಿದ್ದ ಮಾಮಾನಿಗೆ ಈ ಭಾಗ್ಯ ಇರಲಿಲ್ಲ. ಬಾಡಿಯೊಳಗೇ ಕೈನಡುಕ ತಡೆಯುವ ವ್ಯವಸ್ಥೆ ಇದ್ದರೆ ಅದಕ್ಕೆ 50 ಅಂತ ಹೇಳಿಕೊಟ್ಟರೆ ಸಾಕು, 1984ರ ಲೆನ್ಸಿಗೂ ಅದು ಕೆಲಸ ಮಾಡುತ್ತದೆ. ಚಿಕ್ಕ ಸೆನ್ಸರಿನ ಕ್ಯಾಮೆರಾ ಆದರೆ ಒಂದು ವ್ಯತ್ಯಾಸ. ಎಪಿಎಸ್-ಸಿ ಸೆನ್ಸರಿನಲ್ಲಿ 50 ಸುಮಾರು 75ರಂತೆ ಕಾಣುತ್ತದೆ, ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 100ರಂತೆ.

ಇನ್ನು ಎದುರು ವಾದಗಳಿಗೆ ಬರೋಣ. "ಆಟೋಫೋಕಸ್ ಇಲ್ಲವಲ್ಲ ಸಾರ್" ಅಂತಾರೆ. ಇಲ್ಲ, ಒಪ್ಪಿದೆ. ಓಡುವ ಮೊಮ್ಮಗುವಿಗೆ, ಕ್ರಿಕೆಟ್ಟಿಗೆ, ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುವವರಿಗೆ ಆಟೋಫೋಕಸ್ ಬೇಕೇ ಬೇಕು. ಅವರು ಹೊಸದನ್ನೇ ಕೊಳ್ಳಲಿ. ಆದರೆ ನಾವು ನೀವು ಏನು ತೆಗೆಯುತ್ತೇವೆ? ಬಾಲ್ಕನಿಯ ತುಳಸಿ, ಗಣಪತಿ ಮಂಟಪ, ಊರಿನ ದೇವಸ್ಥಾನದ ಕಂಬ, ಕುರ್ಚಿಯಲ್ಲಿ ಕೂತ ಅಮ್ಮ. ಇವರ್ಯಾರೂ ಓಡಿಹೋಗುವುದಿಲ್ಲ.

"ಹಳೇ ಲೆನ್ಸು ಅಷ್ಟು ಶಾರ್ಪ್ ಇಲ್ಲ" ಅನ್ನುವುದು ಎರಡನೇ ಮಾತು. ಇದರಲ್ಲೂ ಒಂದಿಷ್ಟು ನಿಜ ಇದೆ. ಪೂರ್ತಿ ತೆರೆದಿಟ್ಟರೆ ಮೂಲೆಗಳು ಮೆತ್ತಗಿರುತ್ತವೆ, ಸೂರ್ಯ ಎದುರಿದ್ದರೆ ಹಳೇ ಲೇಪನದ ಗಾಜು ಬೇಗ ಬಿಳಚಿಕೊಳ್ಳುತ್ತದೆ. ಹಳೇ ವೈಡ್ ಲೆನ್ಸುಗಳಿಗಿಂತ ಇವತ್ತಿನವು ಖಂಡಿತ ಮೇಲು. ಆದರೆ 50, 135ರಂಥ ಸಾಮಾನ್ಯ ಲೆನ್ಸುಗಳನ್ನು ಎಫ್/5.6, ಎಫ್/8ಕ್ಕೆ ಇಳಿಸಿ ತೆಗೆದ ಚಿತ್ರ ಮನೆಗೋಡೆಯ ಮೇಲೆ ಹಾಕಿದರೆ ಹೊಸದು ಯಾವುದು ಹಳೆಯದು ಯಾವುದು ಅಂತ ಹೇಳಿ ನೋಡೋಣ.

ಮೂರನೆಯವರು ನಮ್ಮದೇ ಪಕ್ಷದವರು, ಇವರ ಮೇಲೆ ನನಗೆ ಇನ್ನೂ ಸಿಟ್ಟು. ಹಳೇ ಲೆನ್ಸಿನಲ್ಲಿ ಏನೋ ಮಾಯೆ ಇದೆ, ಆತ್ಮ ಇದೆ ಅಂತ ಯೂಟ್ಯೂಬಿನಲ್ಲಿ ಕೂತು ಹೇಳುವವರು. ಮಾಮಾನ ಹತ್ತಿರ ಇದ್ದಂಥ ಹೀಲಿಯೋಸ್ 44 ಜರ್ಮನಿಯ ಝೈಸ್ ಬಯೋಟಾರ್ ವಿನ್ಯಾಸದಿಂದ ರಷ್ಯಾದವರು ಮಾಡಿಕೊಂಡದ್ದು. ರಾಶಿ ರಾಶಿ ತಯಾರಾದ ಬಡವರ ಲೆನ್ಸು. ಹಿನ್ನೆಲೆಯ ಎಲೆಗಳು ಸುಳಿ ಸುಳಿಯಾಗಿ ಕಾಣುತ್ತವೆ ಅನ್ನುವುದು ನಿಜ. ಆದರೆ ಅದು ಆ ವಿನ್ಯಾಸದ ದೋಷ, ದೇವರ ವರವಲ್ಲ. ಈ ಮಾಯೆಯ ಮಾತಿನಿಂದ ಆಗುವುದೇನೆಂದರೆ, ಬೆಲೆ ಏರುತ್ತದೆ, ಗುಜರಿಯಲ್ಲಿ ಬಿದ್ದದ್ದನ್ನು ಯಾರೋ ಒರೆಸಿ 'ಅಪರೂಪ' ಅಂತ ಹಣೆಪಟ್ಟಿ ಹಚ್ಚಿ ನಮಗೇ ಮಾರುತ್ತಾರೆ. ದಯವಿಟ್ಟು ಹಾಗೆ ಕೊಳ್ಳಲು ಓಡಬೇಡಿ. ಹೊಸದಾಗಿ ಹಳೇ ಲೆನ್ಸು ಸಂಗ್ರಹಿಸಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಇರುವುದನ್ನು ಕಳೆಯಬೇಡಿ ಅಂತಿದ್ದೇನೆ, ಅಷ್ಟೇ.

ಇರುವುದೆಲ್ಲ ಕೂರುತ್ತದೆ ಅಂತಲೂ ಅಲ್ಲ. ಸುಳ್ಳು ಆಸೆ ಹುಟ್ಟಿಸಿದರೆ ನನಗೂ ಆ ಅಂಗಡಿಯವನಿಗೂ ವ್ಯತ್ಯಾಸ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಇರುವ ಆಗ್ಫಾ ಕ್ಲಿಕ್ III, ಯಾಶಿಕಾ ಎಲೆಕ್ಟ್ರೋ 35 ಇವುಗಳ ಲೆನ್ಸು ಬಾಡಿಗೇ ಅಂಟಿಕೊಂಡದ್ದು, ಕಳಚಿ ಬರುವುದಿಲ್ಲ. ಅವುಗಳಿಗೆ ಬಳೆಯಿಲ್ಲ. ಅಪರ್ಚರ್ ರಿಂಗೇ ಇಲ್ಲದ ನಿಕಾನ್ ಜಿ ಲೆನ್ಸಿಗೆ ತನ್ನದೇ ರಿಂಗ್ ಇರುವ ಅಡಾಪ್ಟರ್ ಬೇಕು. ಕ್ಯಾನನ್ ಇಎಫ್ ಲೆನ್ಸಿನ ಅಪರ್ಚರ್ ವಿದ್ಯುತ್ತಿನಿಂದ ನಡೆಯುವುದರಿಂದ ಟೊಳ್ಳು ಕೊಳವೆ ಸಾಲದು, ಎಲೆಕ್ಟ್ರಾನಿಕ್ ಅಡಾಪ್ಟರೇ ಬೇಕು. ಎಂ42 ಲೆನ್ಸುಗಳಲ್ಲಿ ಹಿಂದೆ ಒಂದು ಸಣ್ಣ ಪಿನ್ ಇರುತ್ತದೆ, ಅದನ್ನು ಒತ್ತಿ ಹಿಡಿಯುವ ಅಂಚಿರುವ ಅಡಾಪ್ಟರನ್ನೇ ಕೇಳಿ. ಇಲ್ಲದಿದ್ದರೆ ರಿಂಗ್ ತಿರುಗಿಸಿದರೂ ಎಲೆಗಳು ಮುಚ್ಚಿಕೊಳ್ಳುವುದಿಲ್ಲ. ತೀರಾ ಅಗ್ಗದ ಅಡಾಪ್ಟರಿನ ಒಳಗೋಡೆ ಹೊಳೆಯುತ್ತಿರುತ್ತದೆ, ಬೆಳಕು ಅಲ್ಲಿ ಬಡಿದು ಚಿತ್ರ ಮಸುಕಾಗುತ್ತದೆ. ಲೂಸಾಗಿ ಅಲ್ಲಾಡುವುದಾದರೆ ವಾಪಸ್ ಮಾಡಿ. ಲೆನ್ಸು ಭಾರವಿದ್ದರೆ ಬಾಡಿ ಹಿಡಿಯಬೇಡಿ, ಲೆನ್ಸನ್ನೇ ಕೈಯಲ್ಲಿ ಹಿಡಿಯಿರಿ.

ನಮ್ಮ ಮುಂಬಯಿವಾಸಿಗಳಿಗೆ, ಹಾಗೇ ಮಂಗಳೂರು, ಉಡುಪಿ ಕಡೆಯವರಿಗೆ ಒಂದು ಎಚ್ಚರಿಕೆ: ಲೆನ್ಸಿನ ನಿಜವಾದ ಶತ್ರು ವಯಸ್ಸಲ್ಲ, ಬೂಷ್ಟು. ಜೂನ್ ತಿಂಗಳಿಂದ ಸೆಪ್ಟೆಂಬರ್ ತನಕ ನಮ್ಮ ಕಪಾಟಿನೊಳಗಿನ ತೇವದಲ್ಲಿ ಚರ್ಮದ ಬೆಲ್ಟಿಗೆ ಬರುವ ಬಿಳಿ ಬೂಷ್ಟೇ ಲೆನ್ಸಿನ ಗಾಜಿಗೂ ಬರುತ್ತದೆ, ಜೇಡರ ಬಲೆಯ ಹಾಗೆ. ಬಹಳ ದಿನ ಬಿಟ್ಟರೆ ಲೇಪನವನ್ನೇ ತಿಂದುಹಾಕುತ್ತದೆ. ಚರ್ಮದ ಕವಚದಲ್ಲಂತೂ ಇಡಲೇಬಾರದು. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಬಣ್ಣ ಬದಲಾದಾಗ ಜೆಲ್ ಬಿಸಿ ಮಾಡಿ ಮತ್ತೆ ಹಾಕಬೇಕು, ಸಾಕು. ನನ್ನ 50ರೊಳಗೂ ಅಂಚಿನಲ್ಲಿ ಸ್ವಲ್ಪ ಬಲೆ ಹಿಡಿದಿತ್ತು. ಫೋರ್ಟಿನಲ್ಲಿ ಹಳೇ ಮೆಕ್ಯಾನಿಕ್ ಒಬ್ಬರು ಬಿಚ್ಚಿ ಒರೆಸಿಕೊಟ್ಟರು. ತಮಾಷೆ ನೋಡಿ, ನಾನು ಜೋಪಾನ ಮಾಡಿದೆ ಅಂದುಕೊಂಡಿದ್ದ ಲೆನ್ಸಿಗೆ ಇಲ್ಲಿ ಬೂಷ್ಟು ಹಿಡಿದಿತ್ತು. ರಾಣೆಬೆನ್ನೂರಿನ ಒಣ ಹವೆಯಲ್ಲಿ ಪೆಟ್ಟಿಗೆಯೊಳಗಿದ್ದವು ಕನ್ನಡಿಯ ಹಾಗೆ ಇದ್ದಿರಬೇಕು.

ನಾವು ವಲಸೆ ಬಂದವರಿಗೆ ಇದು ಯಾಕೆ ಮುಖ್ಯ ಅಂದರೆ, ಊರಿನ ಮನೆ ಖಾಲಿ ಮಾಡುವ ವಯಸ್ಸು ನಮ್ಮೆಲ್ಲರಿಗೂ ಈಗ ಬಂದಿದೆ. ಎರಡು ದಿನ ರಜೆ ಹಾಕಿ ಹೋಗುತ್ತೇವೆ, ರಿಟರ್ನ್ ಟಿಕೆಟ್ ಜೇಬಿನಲ್ಲಿರುತ್ತದೆ, ಧೂಳು ತುಂಬಿದ ಅಟ್ಟ ನೋಡಿ ತಲೆ ಕೆಡುತ್ತದೆ. "ಇದು ಉಪಯೋಗಿಲ್ಲ" ಅನ್ನುವ ಒಂದು ಮಾತಿಗಾಗಿ ನಾವೇ ಕಾಯುತ್ತಿರುತ್ತೇವೆ, ಯಾರಾದರೂ ಹೇಳಿದರೆ ಸಾಕು, ಕೈ ತೊಳೆದುಕೊಳ್ಳುತ್ತೇವೆ. ನಾನು ಅಂಗಡಿಯವನನ್ನು ಬೈಯುತ್ತಿದ್ದೇನೆ ನಿಜ. ಆದರೆ ಅವನು ಒಂದು ಮಾತು ಹೇಳಿದ, ಮರುಪ್ರಶ್ನೆ ಕೇಳದೇ ಫೋನ್ ಮಾಡಿದವನು ನಾನು. ಐದು ಸಾವಿರದ ಸಾಲಕ್ಕೆ ಮೂರು ದಾಖಲೆ ಕೇಳುವ ನಾನು ಮಾಮಾನ ಇಡೀ ಆಸ್ತಿಗೆ ಒಬ್ಬನ ಬಾಯಿಮಾತನ್ನೇ ವ್ಯಾಲ್ಯುಯೇಶನ್ ರಿಪೋರ್ಟ್ ಅಂತ ನಂಬಿದೆ.

ಅದಕ್ಕೇ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆ ತೆಗೆದು ನೋಡಿ. ಲೆನ್ಸು ತಿರುಗಿಸಿದರೆ ಕಳಚಿ ಬರುತ್ತದೆಯೇ? ಬಂದರೆ, ಬೆಳಕಿಗೆ ಹಿಡಿದು ಒಳಗೆ ಬಲೆ ಇದೆಯೇ ನೋಡಿ. ರಿಂಗ್ ತಿರುಗಿಸಿದಾಗ ಒಳಗಿನ ಎಲೆಗಳು ಅಲುಗಾಡುತ್ತವೆಯೇ ನೋಡಿ. ಕೆಲವು ಲೆನ್ಸುಗಳಲ್ಲಿ, ಉದಾಹರಣೆಗೆ ಕ್ಯಾನನ್ ಎಫ್‌ಡಿಯಲ್ಲಿ, ಕ್ಯಾಮೆರಾದಿಂದ ಕಳಚಿದಾಗ ಎಲೆ ಅಲುಗದೇ ಇರುವುದು ಸಹಜ, ಕೆಟ್ಟಿದೆ ಅಂದುಕೊಳ್ಳಬೇಡಿ. ಮೌಂಟಿನ ಹೆಸರು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫ್ಲ್ಯಾಂಜ್ ದೂರ ಕಳೆದು ನೋಡಿ. ಉತ್ತರ ಧನ ಬಂದರೆ ಬಳೆ ಇದ್ದೇ ಇರುತ್ತದೆ. ಇಷ್ಟಾದ ಮೇಲೂ ನಿಮಗೆ ಬೇಡವೆನಿಸಿದರೆ, ಫೋಟೋ ಹುಚ್ಚಿರುವ ಯಾವುದಾದರೂ ಕಾಲೇಜು ಹುಡುಗನಿಗೆ ಕೊಡಿ. ತಕ್ಕಡಿಗೆ ಮಾತ್ರ ಹಾಕಬೇಡಿ.

ನಮ್ಮ ಮನೆಯ ಗೋಡೆಯ ಮೇಲೆ ಅಮ್ಮನ ಎರಡು ಫೋಟೋ ಇವೆ. ಒಂದು, 1985ರಲ್ಲಿ ರಾಣೆಬೆನ್ನೂರಿನ ಮನೆ ಹೊಸ್ತಿಲಲ್ಲಿ ಮೊರ ಹಿಡಿದು ಕೂತದ್ದು, ಮಾಮಾ ತನ್ನ ಅಕ್ಕನಿಗೆ ಹೇಳದೇ ತೆಗೆದದ್ದು, ಕಪ್ಪು ಬಿಳುಪು. ಇನ್ನೊಂದು, ಹೋದ ವರ್ಷ ಡೊಂಬಿವಲಿಯ ಬಾಲ್ಕನಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುವಾಗ ಮಗಳು ತೆಗೆದದ್ದು. ನಡುವೆ ನಲವತ್ತು ವರ್ಷ. ಕ್ಯಾಮೆರಾ ಬೇರೆ, ಊರು ಬೇರೆ, ಕೂದಲ ಬಣ್ಣ ಬೇರೆ, ಲೆನ್ಸು ಅದೇ. ಅಮ್ಮನಿಗೆ ಹೇಳಿದಾಗ ಅವಳು ಲೆನ್ಸನ್ನು ಕೈಯಲ್ಲಿ ಹಿಡಿದು, ಸೆರಗಿನಿಂದ ಒರೆಸೋಕೆ ಹೋದಳು (ನಾನು ತಡೆದೆ!). ಆಮೇಲೆ, "ಉಳಿದುವು ಎಲ್ಲಿ ಅದಾವು?" ಅಂತ ಕೇಳಿದಳು.

ಅವಳಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.